ಎರಡು ಇಂಚಿನ ಆಟ

ಅಮ್ಮ ನನ್ನ ಹಳೇ ಕಾರಿನಲ್ಲಿ ಮೊದಲ ಸಲ ಕೂತ ದಿನ, ಮನೆ ಬಿಟ್ಟು ಎರಡು ಮೈಲಿ ದಾಟುವಷ್ಟರಲ್ಲಿ ಕೇಳಿದಳು: "ರಸ್ತೆ ನೆಟ್ಟಗೇ ಇದೆಯಲ ಮಾರಾಯ, ನೀನೆಂತಕ್ಕೆ ಅದನ್ನ ಹಿಂಗೆ ಆಚೆ ಈಚೆ ಅಲ್ಲಾಡಿಸ್ತಿದೀಯ?"

ಪ್ರಶ್ನೆ ನ್ಯಾಯವಾದದ್ದೇ. ಡೆಟ್ರಾಯಿಟಿನ ಸುತ್ತಲಿನ ರಸ್ತೆಗಳಷ್ಟು ನೆಟ್ಟಗಿರುವ ವಸ್ತುವನ್ನು ತೀರ್ಥಹಳ್ಳಿಯಲ್ಲಿ ಹುಟ್ಟಿದವರು ಶಾಲೆಯ ಅಡಿಪಟ್ಟಿ ಬಿಟ್ಟರೆ ಬೇರೆಲ್ಲೂ ಕಂಡಿರುವುದಿಲ್ಲ. ಊರಿನ ನಡುವಿನಿಂದ ಅಳೆದು, ಮೈಲಿಗೊಂದು ಗೆರೆ ಎಳೆದು, ಎಂಟನೇ ಮೈಲಿ ರಸ್ತೆ, ಒಂಬತ್ತನೇ ಮೈಲಿ ರಸ್ತೆ, ಹತ್ತನೇ ಮೈಲಿ ರಸ್ತೆ ಎಂದು ಕರೆದು ಕೈ ತೊಳೆದುಕೊಂಡಿದ್ದಾರೆ. "ಹೆಸರಿಡೋಕೂ ಉದಾಸೀನವಾ ಇವರಿಗೆ?" ಎಂದು ಅಮ್ಮ ಹಿಂದಿನ ದಿನವಷ್ಟೇ ಕೇಳಿದ್ದಳು. ಅಂಥ ರಸ್ತೆಯಲ್ಲಿ ಅವಳ ಮಗ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತ, ಬೆವರುತ್ತ, ಗಂಟೆಗೆ ನಲವತ್ತೈದು ಮೈಲಿಯಲ್ಲಿ ಹೋಗುತ್ತಿದ್ದ.

ಹಳೆಯ ಕಪ್ಪು ಬಿಳುಪು ಸಿನಿಮಾಗಳಲ್ಲಿ ನಾಯಕ ನಾಯಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವ ದೃಶ್ಯ ನಿಮಗೂ ನೆನಪಿರಬಹುದು. ಹಿಂದಿನ ಪರದೆಯ ಮೇಲೆ ರಸ್ತೆ ಬಾಣದಂತೆ ಓಡುತ್ತಿರುತ್ತದೆ. ನಾಯಕ ಮಾತ್ರ ಸ್ಟೀರಿಂಗನ್ನು ಮೊಸರು ಕಡೆಯುವವರ ಹಾಗೆ ಆಡಿಸುತ್ತಿರುತ್ತಾನೆ. ಟೆಂಟಿನ ಮರಳಿನ ಮೇಲೆ ಕೂತು ನಾವು ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಪಾಪ, ಸ್ಟುಡಿಯೋದವರು ತಂದು ನಿಲ್ಲಿಸಿದ ಕಾರಿನ ಸ್ಟೀರಿಂಗ್ ಬಾಕ್ಸ್ ಸವೆದಿತ್ತೋ ಏನೋ.

ನಮ್ಮ ಕಡೆಯ ಗ್ಯಾರೇಜಿನವರು ಇದಕ್ಕೆ "ಆಟ" ಎನ್ನುತ್ತಾರೆ. "ಸ್ಟೀರಿಂಗಲ್ಲಿ ಆಟ ಜಾಸ್ತಿ ಆಗಿದೆ ಸಾರ್." ಕೈಯಲ್ಲಿರುವ ಚಕ್ರ ತಿರುಗಿದರೂ ನೆಲದ ಮೇಲಿನ ಚಕ್ರ ತಿರುಗದೆ ಸುಮ್ಮನಿರುವ ಆ ನಡುವಿನ ಜಾಗಕ್ಕೆ ಇಂಗ್ಲಿಷಿನವರೂ "ಪ್ಲೇ" ಎಂದೇ ಹೆಸರಿಟ್ಟಿದ್ದಾರೆ. ನನ್ನ ಕಾರಿನಲ್ಲಿ ಅದು ಎರಡು ಇಂಚು ಇತ್ತು. ಆ ಎರಡು ಇಂಚಿನೊಳಗೆ ನಾನೇನು ಮಾಡಿದರೂ ಕಾರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಾರಿನ ಪರಿಚಯ ಹೇಳದೆ ಅದರ ಕಾಯಿಲೆಯ ವರ್ಣನೆಗೆ ಇಳಿಯುವುದು ಮರ್ಯಾದೆಯಲ್ಲ. ಅದು 1968ರ ಶೆವರ್ಲೆ ಮಾಲಿಬು. ನಾನು ಹುಟ್ಟುವುದಕ್ಕೂ ಮೊದಲಿನದು. ಹತ್ತಿರ ಹತ್ತಿರ 17 ಅಡಿ ಉದ್ದ, ಮುಂದೆ ಎಂಟು ಸಿಲಿಂಡರಿನ ಎಂಜಿನ್ನು, ಹಿಂದೆ ಒಂದು ಸಂಸಾರ ಚಾಪೆ ಹಾಸಿ ಮಲಗಬಹುದಾದಂಥ ಡಿಕ್ಕಿ. ಹಳೇ ಕಾರಿನ ಹುಚ್ಚಿನವರೆಲ್ಲ ಹುಡುಕುವುದು ಇದರದೇ ಎರಡು ಬಾಗಿಲಿನ ಮಾದರಿಯನ್ನು. ನನ್ನದು ನಾಲ್ಕು ಬಾಗಿಲಿನದು. ಎರಡು ಬಾಗಿಲಿನದು ಮದುಮಗನಾದರೆ ನಾಲ್ಕು ಬಾಗಿಲಿನದು ಅವನ ಜೊತೆಗೆ ಬಂದ ಸೋದರಮಾವ. ಊಟ ಹಾಕುತ್ತಾರೆ, ಫೋಟೋ ತೆಗೆಯುವುದಿಲ್ಲ. ಹಾಗಾಗಿಯೇ ನನ್ನ ಕೈಗೆಟಕುವ ಬೆಲೆಗೆ ಸಿಕ್ಕಿತು. ನನ್ನ ಹೆಂಡತಿ ಅದನ್ನು "ಸವತಿ" ಎಂದು ಕರೆಯುತ್ತಾಳೆಂದು ಬರೆದರೆ ಲಲಿತ ಪ್ರಬಂಧದ ಸಂಪ್ರದಾಯ ಉಳಿಯುತ್ತದೆ. ಆದರೆ ಅವಳು ಅಷ್ಟು ಮೆತ್ತಗಿನವಳಲ್ಲ. ಅವಳು ಅದಕ್ಕಿಟ್ಟ ಹೆಸರು "ಖರ್ಚು". "ರೀ, ಮಳೆ ಬರೋ ಹಾಗಿದೆ, ಖರ್ಚು ಹೊರಗೇ ನಿಂತಿದೆಯಲ್ಲ" ಎನ್ನುತ್ತಾಳೆ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಹೊಟ್ಟೆಪಾಡಿಗೆ ನಾನು ಮಾಡುವುದು ಸ್ಟೀರಿಂಗಿನದೇ ಕೆಲಸ. ಈಗಿನ ಕಾರುಗಳಲ್ಲಿ ಎಣ್ಣೆಯ ಪವರ್ ಸ್ಟೀರಿಂಗ್ ಹೋಗಿ ಮೋಟರಿನದು ಬಂದಿದೆ. ಆ ಮೋಟರಿಗೆ ಎಷ್ಟು ಹೊತ್ತಿಗೆ ಎಷ್ಟು ತಳ್ಳಬೇಕೆಂದು ಹೇಳುವ ಪ್ರೋಗ್ರಾಮು ಬರೆಯುವವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಒಂದು ಹನಿ ಎಣ್ಣೆ ಕೈಗೆ ಹತ್ತಿಲ್ಲ. ಅಡುಗೆಪುಸ್ತಕ ಬರೆಯುವವನು ಒಲೆ ಹಚ್ಚಲು ಬಾರದೆ ಪೇಚಾಡಿದ ಹಾಗೆ ನನ್ನ ಕತೆ.

ಕಾಯಿಲೆಯ ಎರಡನೇ ಲಕ್ಷಣವನ್ನು ಕಂಡುಹಿಡಿದದ್ದೂ ಅಮ್ಮನೇ. ಬೆಳಿಗ್ಗೆ ಎದ್ದು ಬಾಗಿಲು ತೆರೆದವಳು, ಕಾರು ನಿಂತಿದ್ದ ಜಾಗದ ಸಿಮೆಂಟಿನ ಮೇಲೆ ಕೆಂಪನೆಯ ಹನಿಗಳನ್ನು ನೋಡಿ, "ನಿನ್ನ ಕಾರು ದಿನಾ ಚುಕ್ಕಿ ಇಡ್ತದೆ ನೋಡು, ಎಳೆ ಎಳೆಯೋರಿಲ್ಲ ಅಷ್ಟೆ" ಎಂದಳು. ಸ್ಟೀರಿಂಗ್ ಬಾಕ್ಸಿನ ಕೆಳಗಿನ ಸೀಲು ಹೋಗಿ ಎಣ್ಣೆ ಸೋರುತ್ತಿತ್ತು.

ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಕಾರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಮ್ಮ ಗ್ಯಾರೇಜಿನ ಬಾಗಿಲು ಮೇಲೆದ್ದರೆ ಸಾಕು, ಕಾಫಿ ಲೋಟದ ಸಮೇತ ಪ್ರತ್ಯಕ್ಷ. ಅವರು ನನ್ನನ್ನು ಸ್ಟೀರಿಂಗ್ ಹಿಡಿದು ಕೂರಿಸಿ, "ಸ್ವಲ್ಪವೇ ಅಲ್ಲಾಡಿಸು, ಮಗುವಿನ ತೊಟ್ಟಿಲು ತೂಗುವಷ್ಟು" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದರು. ಇದೇ ಪರೀಕ್ಷೆ. ಬಾಕ್ಸಿನ ಒಳಗೆ ಹೋಗುವ ದಂಡ ತಿರುಗುತ್ತದೆಯೇ? ತಿರುಗುತ್ತದೆ. ಬಾಕ್ಸಿನ ಕೆಳಗಿಂದ ಹೊರಬರುವ ತೋಳು ಅಲುಗುತ್ತದೆಯೇ? ಇಲ್ಲ. ಹಾಗಾದರೆ ದೋಷ ಆಚೆಯ ಟೈ ರಾಡುಗಳಲ್ಲಿಲ್ಲ, ಬಾಕ್ಸಿನ ಹೊಟ್ಟೆಯಲ್ಲೇ ಇದೆ. ಅರ್ಜಿ ಕಚೇರಿಯ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಅಂದಮೇಲೆ ಯಾವ ಮೇಜಿನ ಮೇಲೆ ಕೂತಿದೆ ಎಂದು ಊಹಿಸಲು ಹೆಚ್ಚು ಬುದ್ಧಿ ಬೇಡ.

ಬಾಕ್ಸಿನ ನೆತ್ತಿಯ ಮೇಲೆ ಒಂದು ತಿರುಪು ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಹತ್ತಿರವಾಗಿ ಆಟ ಕಡಿಮೆಯಾಗುತ್ತದೆ. ಅಜ್ಜ ಕಾಫಿ ತುಂಬಿಸಿಕೊಂಡು ಬರಲು ಹೋದಾಗ ನಾನೇ ಒಂದು ಕೈ ನೋಡಿದೆ. ಕಾಲು ಸುತ್ತು ಬಿಗಿ ಮಾಡಿದೆ, ಆಟ ಕಡಿಮೆಯಾಯಿತು. ಇನ್ನೊಂದು ಕಾಲು ಸುತ್ತು, ಇನ್ನೂ ಕಡಿಮೆ. ಮತ್ತೊಂದು. ಎರಡು ಇಂಚು ಮಾಯ! ಮೂಲೆಯ ತನಕ ಓಡಿಸಿ ನೋಡೋಣವೆಂದು ಹೊರಟೆ. ನೆಟ್ಟಗಿನ ರಸ್ತೆಯಲ್ಲಿ ಹೂವಿನ ಹಾಗೆ ಹೋಯಿತು. ಬಲಕ್ಕೆ ತಿರುಗಿದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳಿ ನಡುವಿಗೆ ಬರಬೇಕಲ್ಲ, ಬರಲಿಲ್ಲ. ಸಿಟ್ಟು ಮಾಡಿಕೊಂಡ ಮಗು ಗೋಡೆಯ ಕಡೆ ಮುಖ ಮಾಡಿ ನಿಂತ ಹಾಗೆ ಅಲ್ಲೇ ನಿಂತುಬಿಟ್ಟಿತು. ಎರಡೂ ಕೈಯಲ್ಲಿ ಎಳೆದು ತಿರುಗಿಸುವಷ್ಟರಲ್ಲಿ ಯಾರದೋ ಮನೆಯ ಅಂಚೆಪೆಟ್ಟಿಗೆಯ ಮುಂದೆ, ಒಂದು ಗೇಣು ದೂರದಲ್ಲಿ ನಿಂತಿದ್ದೆ.

ಅಜ್ಜ ಬೈಯಲಿಲ್ಲ, ವಿವರಿಸಿದರು. ಸ್ಟೀರಿಂಗ್ ಬಾಕ್ಸನ್ನು ಮಾಡುವಾಗಲೇ ಅದರ ನಡುವಿನ ಜಾಗವನ್ನು ಕೊಂಚ ಬಿಗಿಯಾಗಿಯೂ ಎರಡು ಪಕ್ಕಗಳನ್ನು ಕೊಂಚ ಸಡಿಲವಾಗಿಯೂ ಮಾಡಿರುತ್ತಾರಂತೆ. ಆದರೆ ಕಾರು ಆಯುಷ್ಯದ ಬಹುಪಾಲು ಹೋಗುವುದು ನೆಟ್ಟಗೆ. ಹಾಗಾಗಿ ಹಲ್ಲುಗಳು ಸವೆಯುವುದೂ ನಡುವಿನಲ್ಲೇ. ತಿರುವುಗಳ ಹಲ್ಲುಗಳು ಐವತ್ತು ವರ್ಷವಾದರೂ ಹೊಸದರ ಹಾಗೇ ಇರುತ್ತವೆ. ಸವೆದ ನಡುವನ್ನು ಸರಿಪಡಿಸಲು ತಿರುಪು ಬಿಗಿದರೆ, ಸವೆಯದ ಪಕ್ಕಗಳು ಕಚ್ಚಿ ಹಿಡಿಯುತ್ತವೆ. "ನೆಟ್ಟಗೆ ಹೋಗುವುದರಿಂದಲೇ ಸ್ಟೀರಿಂಗ್ ಹಾಳಾಗುವುದು" ಎಂದರು ಅಜ್ಜ. ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಇದನ್ನು ಇವರ ಅಪ್ಪನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು" ಎಂದಳು. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಅವರ ಬದುಕಿನಲ್ಲಿ ತಿರುವು ಎಂಬುದೇ ಇರಲಿಲ್ಲ. ಮನೆಯ ಎಲ್ಲ ತಿರುಪುಗಳನ್ನೂ ಕಾಲು ಕಾಲು ಸುತ್ತು ಬಿಗಿ ಮಾಡುತ್ತಲೇ ಇದ್ದರು. ನಾವು ಮಕ್ಕಳು ತಿರುಗಬೇಕಾದ ವಯಸ್ಸಿನಲ್ಲಿ ತಿರುಗಿ, ಮರಳಿ ಬರಲಾಗದೆ ಎಷ್ಟೋ ದಿನ ಗೋಡೆ ನೋಡುತ್ತ ನಿಂತದ್ದುಂಟು. ಅಮ್ಮ ಸುಮ್ಮನೆ ಕೊತ್ತಂಬರಿ ಸೋಸುತ್ತಿದ್ದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಅಂತೂ ತಿರುಪಿನ ವೈದ್ಯದಿಂದ ಆಗುವುದಲ್ಲ, ಬಾಕ್ಸನ್ನೇ ಬದಲಾಯಿಸಬೇಕು ಎಂದು ತೀರ್ಮಾನವಾಯಿತು.

ಈ ಬಾಕ್ಸಿನ ತವರು ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. ಸ್ಯಾಗಿನಾ ಎಂಬ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಮರದ ಮಿಲ್ಲುಗಳ ಊರು. ಕಾಡು ಖಾಲಿಯಾದ ಮೇಲೆ ಕಬ್ಬಿಣಕ್ಕೆ ತಿರುಗಿಕೊಂಡಿತು. ಜನರಲ್ ಮೋಟರ್ಸಿನ ಸ್ಟೀರಿಂಗುಗಳು ತಯಾರಾಗುತ್ತಿದ್ದದ್ದು ಅಲ್ಲೇ. ಎರಡನೇ ಮಹಾಯುದ್ಧ ಬಂದಾಗ ಅದೇ ಸ್ಟೀರಿಂಗ್ ವಿಭಾಗ ಮೆಷಿನ್ ಗನ್ನುಗಳನ್ನೂ ಕಾರ್ಬೈನ್ ಬಂದೂಕುಗಳನ್ನೂ ಮಾಡಿ ಕಳಿಸಿತು. ಯುದ್ಧ ಮುಗಿಯಿತು, ಮತ್ತೆ ಸ್ಟೀರಿಂಗು. 2010ರಲ್ಲಿ ಚೀನಾದವರು ಅದನ್ನು ಕೊಂಡರು. ಈಗ ಅದರ ಹೆಸರು ನೆಕ್ಸ್ಟೀರ್. ಒಂದು ಊರು ಎಷ್ಟು ಸಲ ದಿಕ್ಕು ಬದಲಿಸಬಹುದೆಂದು ತಿಳಿಯಬೇಕಾದರೆ ಸ್ಟೀರಿಂಗ್ ಮಾಡುವ ಊರನ್ನೇ ನೋಡಬೇಕು.

ಪವರ್ ಸ್ಟೀರಿಂಗನ್ನು ಕಂಡುಹಿಡಿದವನು ಮಾತ್ರ ಅಲ್ಲಿಯವನಲ್ಲ. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು, ಪಿಯರ್ಸ್ ಆ್ಯರೋ ಕಂಪನಿಯಲ್ಲಿ ಲಾರಿಗಳ ವಿಭಾಗ ನೋಡಿಕೊಳ್ಳುತ್ತಿದ್ದವನು. ಭಾರದ ಲಾರಿಯ ಸ್ಟೀರಿಂಗ್ ತಿರುಗಿಸಲು ಡ್ರೈವರುಗಳು ಪಡುವ ಪಾಡು ನೋಡಿ, ಕೆಲಸ ಬಿಟ್ಟು, ಮ್ಯಾಸಚೂಸೆಟ್ಸಿನ ವಾಲ್ಥಮ್ ಊರಿನಲ್ಲಿ ಬಾಡಿಗೆ ಜಾಗ ಹಿಡಿದು ಕೂತ. 1926ರಲ್ಲಿ ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೀರಿಂಗ್ ತಯಾರಾಯಿತು. ಜನರಲ್ ಮೋಟರ್ಸಿನವರು ಒಪ್ಪಂದವನ್ನೇನೋ ಮಾಡಿಕೊಂಡರು. ಆಮೇಲೆ ಆರ್ಥಿಕ ಕುಸಿತದ ಕಾಲದಲ್ಲಿ, ಖರ್ಚು ಹೆಚ್ಚಾಯಿತೆಂದು ಕೈಬಿಟ್ಟರು. ಪೇಟೆಂಟುಗಳ ಅವಧಿ ಮುಗಿಯಿತು. 1951ರಲ್ಲಿ ಕ್ರೈಸ್ಲರ್ ಕಂಪನಿ ಆ ಅವಧಿ ಮೀರಿದ ಪೇಟೆಂಟುಗಳನ್ನೇ ಆಧಾರವಾಗಿಟ್ಟುಕೊಂಡು ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟೀರಿಂಗ್ ತಂದಿತು, ಜನ ಮುಗಿಬಿದ್ದರು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು. ಹಾವು ಹೆಡೆಯೆತ್ತಿದ್ದನ್ನು ಕಂಡ ಜನರಲ್ ಮೋಟರ್ಸಿಗೆ ಆಗ ಗೆದ್ದಲಿನ ನೆನಪಾಗಿ, ಮರುವರ್ಷ ತನ್ನ ಕ್ಯಾಡಿಲಾಕ್ ಕಾರುಗಳಲ್ಲೂ ತಂದಿತು.

ಡೇವಿಸ್ ಆಗುಂಬೆ ಘಾಟಿಯನ್ನು ನೋಡಿರಲಿಲ್ಲ. ನೋಡಿದ್ದರೆ ಇನ್ನೂ ಬೇಗ ಕಂಡುಹಿಡಿಯುತ್ತಿದ್ದನೇನೋ. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ನಾನು ಚಿಕ್ಕವನಿದ್ದಾಗ ಆ ಘಾಟಿಯಲ್ಲಿ ಇಳಿಯುತ್ತಿದ್ದ ಪುಟ್ಟ ಬಸ್ಸುಗಳಿಗೆ ಪವರ್ ಎಲ್ಲಿಯದು? ಪವರೆಲ್ಲ ಡ್ರೈವರಣ್ಣನ ರಟ್ಟೆಯಲ್ಲಿ. ತಿರುವು ಬಂತೆಂದರೆ ಬಾಯಲ್ಲಿದ್ದ ಎಲೆಯಡಿಕೆ ಒಂದು ದವಡೆಗೆ ಸರಿಯುತ್ತಿತ್ತು. ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಚಕ್ರದ ಒಂದು ಅಂಚಿನ ಮೇಲೆ ಹಾಕಿ, ಕೈ ಮೇಲೆ ಕೈ ಇಟ್ಟು ಎಳೆದು, ಮೋರಿಕಟ್ಟೆಗೆ ಮೂತಿ ತಾಗುವಷ್ಟರಲ್ಲಿ ಬಸ್ಸನ್ನು ತಿರುಗಿಸಿ, ಮತ್ತೆ ಕೂತಾಗ ಎಲೆಯಡಿಕೆ ಇನ್ನೊಂದು ದವಡೆಗೆ. ಹದಿನಾಲ್ಕು ತಿರುವಿಗೆ ಹದಿನಾಲ್ಕು ಸಲ. ಎಂಜಿನ್ನಿನ ಪಕ್ಕದ ಉದ್ದ ಸೀಟಿನಲ್ಲಿ ಕೂತು ನಾನದನ್ನು ಎಣಿಸುತ್ತಿದ್ದೆ. ದೊಡ್ಡವನಾದ ಮೇಲೆ ಆಗುಂಬೆ ಬಸ್ಸಿನ ಡ್ರೈವರ್ ಆಗಬೇಕೆಂಬುದು ಆಗಿನ ನನ್ನ ಗುರಿ. ಅಪ್ಪ ಆ ತಿರುಪನ್ನೂ ಬಿಗಿ ಮಾಡಿದರು, ನಾನು ಎಂಜಿನಿಯರಾದೆ.

ಪವರ್ ಸ್ಟೀರಿಂಗ್ ಬಾಕ್ಸಿನ ಒಳಗೆ ಏನಿದೆ ಎಂದು ತೋರಿಸಲು ಅಜ್ಜ ತಮ್ಮ ಗ್ಯಾರೇಜಿನಲ್ಲಿ ಬಿದ್ದಿದ್ದ ಹಾಳು ಬಾಕ್ಸೊಂದನ್ನು ಬಿಚ್ಚಿ ತಂದರು. ನಡುವೆ ಒಂದು ಸುರುಳಿ ಗೆರೆಯ ದಂಡ. ಅದನ್ನು ತಬ್ಬಿಕೊಂಡ ಉಕ್ಕಿನ ಪಿಸ್ಟನ್. ಎರಡರ ನಡುವಿನ ಗೆರೆಯಲ್ಲಿ ಉಕ್ಕಿನ ಗುಂಡುಗಳು ಸಾಲಾಗಿ ಉರುಳುತ್ತ, ಒಂದು ತುದಿಯಲ್ಲಿ ಹೊರಬಿದ್ದು, ಪುಟ್ಟ ಕೊಳವೆಯೊಂದರ ಮೂಲಕ ಮತ್ತೆ ಇನ್ನೊಂದು ತುದಿಗೆ ಬಂದು ಸೇರುತ್ತವೆ. ಗುಂಡುಗಳು ಒಂದು ಹೊಳೆಯುವಂಥದು, ಒಂದು ಕಪ್ಪು, ಮತ್ತೊಂದು ಹೊಳೆಯುವಂಥದು, ಮತ್ತೊಂದು ಕಪ್ಪು. ಕಪ್ಪಿನವು ಕೂದಲೆಳೆಯಷ್ಟು ಚಿಕ್ಕವು. ಭಾರ ಹೊರುವುದೆಲ್ಲ ಹೊಳೆಯುವ ಗುಂಡುಗಳ ಕೆಲಸ. ಅವು ಒಂದಕ್ಕೊಂದು ಉಜ್ಜಿಕೊಳ್ಳದಂತೆ ನಡುವೆ ಇರುವುದಷ್ಟೇ ಕಪ್ಪು ಗುಂಡುಗಳ ಕೆಲಸ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅದಕ್ಕಿಂತ ಸೊಗಸಾದದ್ದು ಬಾಯಿಯಲ್ಲಿರುವ ಒಂದು ಸಣ್ಣ ಕಂಬಿ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಆ ಕಂಬಿ ಒಂದಿಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದ ಕಿಂಡಿಗಳು ತೆರೆದು, ಪಂಪಿನಿಂದ ಎಣ್ಣೆ ನುಗ್ಗಿ, ಬೇಕಾದರೆ ಚದರ ಇಂಚಿಗೆ 1000 ಪೌಂಡಿಗೂ ಮೀರಿದ ಒತ್ತಡದಲ್ಲಿ ಪಿಸ್ಟನ್ನನ್ನು ತಳ್ಳುತ್ತದೆ. ಕೈ ಬಿಟ್ಟರೆ ಕಂಬಿ ನೆಟ್ಟಗಾಗುತ್ತದೆ, ಎಣ್ಣೆ ಸುಮ್ಮನಾಗುತ್ತದೆ. ಎಲ್ಲ ಬಲ ಅದರದೇ. ಆದರೆ ನೀವು ಮೊದಲು ಕೊಂಚ ಕಷ್ಟಪಡದೆ ಅದು ಕೈ ಹಾಕುವುದಿಲ್ಲ. ಪಂಪು ಕೆಟ್ಟರೂ ಸ್ಟೀರಿಂಗ್ ಪೂರ್ತಿ ಕೈಕೊಡುವುದಿಲ್ಲ. ಆಗುಂಬೆಯ ಡ್ರೈವರಣ್ಣನ ಹಾಗೆ ಅರ್ಧ ಎದ್ದು ತಿರುಗಿಸಬೇಕು, ಅಷ್ಟೆ.

ಇನ್ನು ಬಿಚ್ಚುವ ಕೆಲಸ. ಬಾಕ್ಸು ಕಾರಿನ ಚೌಕಟ್ಟಿಗೆ ನಿಂತಿರುವುದು ಬರೀ ಮೂರು ಬೋಲ್ಟುಗಳ ಮೇಲೆ. ಪೈಪುಗಳು ಎರಡು. ಇಷ್ಟು ಕೇಳಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯುವ ಕೆಲಸವೆನಿಸುತ್ತದೆ. ತೊಡಕಿರುವುದು ಬಾಕ್ಸಿನ ಕೆಳಗಿನ ತೋಳಿನಲ್ಲಿ. ನಮ್ಮ ಲಾರಿ ಗ್ಯಾರೇಜುಗಳಲ್ಲಿ ಅದಕ್ಕೆ ಡ್ರಾಪ್ ಆರ್ಮ್ ಎನ್ನುತ್ತಾರೆ, ಇಲ್ಲಿ ಪಿಟ್‌ಮನ್ ಆರ್ಮ್. ಪಿಟ್‌ಮನ್ ಎಂದರೆ ಗುಂಡಿಯ ಮನುಷ್ಯ. ಯಂತ್ರದ ಗರಗಸ ಬರುವ ಮೊದಲು ದಿಮ್ಮಿಯನ್ನು ಗುಂಡಿಯ ಮೇಲಿಟ್ಟು, ಒಬ್ಬ ಮೇಲೆ ನಿಂತು, ಇನ್ನೊಬ್ಬ ಗುಂಡಿಯೊಳಗೆ ನಿಂತು ಗರಗಸ ಎಳೆಯುತ್ತಿದ್ದರಲ್ಲ, ಆ ಕೆಳಗಿನವನು. ಆಮೇಲೆ ಅವನ ಜಾಗಕ್ಕೆ ಬಂದ ಯಂತ್ರದ ಸಲಾಕೆಗೂ ಅವನ ಹೆಸರೇ ಅಂಟಿಕೊಂಡಿತು, ಅಲ್ಲಿಂದ ಕಾರಿಗೂ ಬಂತು. ನಮ್ಮೂರಲ್ಲೂ ಮನೆ ಕಟ್ಟುವಾಗ ಹೀಗೆ ಅಟ್ಟಣಿಗೆ ಮೇಲೊಬ್ಬ ಕೆಳಗೊಬ್ಬ ನಿಂತು ಬೋಗಿ ಮರ ಕುಯ್ಯುವುದನ್ನು ನೋಡಿದ್ದೇನೆ. ಮರದ ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ, ಕಿವಿಗೆ, ಬಾಯಿಗೆ. ನಾನು ಕಾರಿನ ಕೆಳಗೆ ಅಂಗಾತ ಮಲಗಿ, ಮಿಶಿಗನ್ನಿನ ಚಳಿಗಾಲದ ಉಪ್ಪು ಎಷ್ಟೋ ವರ್ಷ ತಿಂದು ಎಬ್ಬಿಸಿದ ತುಕ್ಕಿನ ಪುಡಿಯನ್ನು ಕಣ್ಣು ಕಿವಿಗಳಲ್ಲಿ ತುಂಬಿಸಿಕೊಂಡಾಗ ಆ ಹೆಸರಿನ ಅರ್ಥ ಪೂರ್ತಿಯಾಗಿ ತಿಳಿಯಿತು.

ತೋಳಿನ ನಟ್ಟು ಇಷ್ಟು ದಪ್ಪ. ಅದಕ್ಕಾಗುವ ಸಾಕೆಟ್ಟು ನನ್ನಲ್ಲಿರಲಿಲ್ಲ, ಅಜ್ಜನಲ್ಲಿತ್ತು. ನಾಲ್ಕಡಿ ಪೈಪು ತೂರಿಸಿ ಎಳೆದಾಗ ನಟ್ಟು ಬಂತು. ತೋಳು ಬರಲಿಲ್ಲ. ಅದನ್ನು ಎಳೆಯಲೆಂದೇ ಒಂದು ಪುಲ್ಲರ್ ಇದೆ, ದೊಡ್ಡ ಏಡಿಯ ಕೊಂಬಿನ ಹಾಗೆ. ಅದನ್ನು ಕಚ್ಚಿಸಿ ತಿರುಗಿಸಿದೆವು. ತುಕ್ಕಿನ ಎಣ್ಣೆ ಬಿಟ್ಟೆವು. ಬಡಿದೆವು. ಅಜ್ಜ ಕಾರ್ಖಾನೆಯ ಭಾಷೆಯಲ್ಲಿ ಒಂದೆರಡು ಮಾತು ಹೇಳಿದರು. ತೋಳು ಅಲ್ಲಾಡಲಿಲ್ಲ. ಕತ್ತಲಾಯಿತು. "ಹೀಗೇ ಬಿಗಿದು ಬಿಡು. ಕೆಲವು ಸಲ ರಾತ್ರಿಯಲ್ಲಿ ತಾನಾಗಿ ಮನಸ್ಸು ಬದಲಾಯಿಸುತ್ತದೆ" ಎಂದು ಅಜ್ಜ ಮನೆಗೆ ಹೋದರು.

ರಾತ್ರಿ ಎರಡು ಗಂಟೆಗೆ "ಢಂ" ಎಂದು ಇಡೀ ಮನೆ ನಡುಗುವ ಶಬ್ದ. ಹೆಂಡತಿ ಎದ್ದು ಕೂತು ಫೋನು ಹುಡುಕಿದಳು. ಈ ದೇಶದಲ್ಲಿ ರಾತ್ರಿ ಢಂ ಎಂದರೆ ಮೊದಲು ಬರುವ ಯೋಚನೆಯೇ ಬೇರೆ. ಎದುರು ಮನೆಯ ದೀಪ ಹೊತ್ತಿಕೊಂಡಿತು. ಪಕ್ಕದ ಕೋಣೆಯಿಂದ ಅಮ್ಮ ನಿದ್ದೆಗಣ್ಣಿನಲ್ಲೇ ಕೇಳಿದಳು: "ಎಂತ ಅದು? ಹಲಸಿನ ಹಣ್ಣು ಬಿತ್ತಾ?"

ಗ್ಯಾರೇಜಿನಲ್ಲಿ ತೋಳು ಪುಲ್ಲರಿನ ಸಮೇತ ಕಳಚಿ ನೆಲದ ಮೇಲೆ ಬಿದ್ದಿತ್ತು. ಐವತ್ತು ವರ್ಷ ದಾಟಿದ ಹಿಡಿತ, ಯಾರೂ ಇಲ್ಲದ ಹೊತ್ತು ನೋಡಿ ಬಿಟ್ಟುಕೊಟ್ಟಿತ್ತು. ಎದುರು ಮನೆಯ ಕಿಟಕಿಯಲ್ಲಿ ಅಜ್ಜ ಹೆಬ್ಬೆರಳು ಎತ್ತಿ ತೋರಿಸಿ ದೀಪ ಆರಿಸಿದರು.

ಬಿಚ್ಚಿದ ನಟ್ಟು ಬೋಲ್ಟುಗಳನ್ನು ಕ್ರಮವಾಗಿ ಇಟ್ಟುಕೊಳ್ಳಲು ನಾನು ಇಡ್ಲಿ ತಟ್ಟೆಯನ್ನು ತೆಗೆದುಕೊಂಡಿದ್ದೆ. ಒಂದೊಂದು ಕುಳಿಗೆ ಒಂದೊಂದು ಜಾಗದ್ದು. ಇದಕ್ಕಿಂತ ಒಳ್ಳೆಯ ಸಾಧನವನ್ನು ಅಮೆರಿಕದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ನಾನು ಕಂಡಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಇಡ್ಲಿಯ ಬದಲು ಉಪ್ಪಿಟ್ಟು ಬಂದಾಗ ವಿಷಯ ಬಯಲಾಯಿತು. ಅಮ್ಮ ಗ್ಯಾರೇಜಿಗೆ ಬಂದು ತಟ್ಟೆ ನೋಡಿ, "ಚೆನ್ನೆಮಣೆ ಆಡ್ತಿದೀಯಾ ಇಲ್ಲಿ?" ಎಂದಳು. ಆಟವೇ ಹೌದು, ಎರಡು ಇಂಚಿನದು.

ಬದಲಿ ಬಾಕ್ಸಿನದು ಇನ್ನೊಂದು ಕತೆ. ಹೊಚ್ಚ ಹೊಸದು ಸಿಗುವುದಿಲ್ಲವೆಂದಲ್ಲ. ಆದರೆ ಇಲ್ಲಿನ ರೂಢಿ, ಯಾರದೋ ಹಳೇ ಬಾಕ್ಸನ್ನು ಬಿಚ್ಚಿ, ಸೀಲು ಗುಂಡುಗಳನ್ನು ಬದಲಿಸಿ, ಬಣ್ಣ ಬಳಿದು ಮಾರುವುದು. ಕೊಳ್ಳುವಾಗ ಒಂದಿಷ್ಟು ಠೇವಣಿ ಹಿಡಿಯುತ್ತಾರೆ. ನಿಮ್ಮ ಹಳೇ ಬಾಕ್ಸನ್ನು ಕೊಟ್ಟರೆ ಠೇವಣಿ ವಾಪಸ್ಸು. ಅಮ್ಮನಿಗೆ ಇದು ಥಟ್ಟನೆ ಅರ್ಥವಾಯಿತು. "ಹಳೇ ಜರಿ ಸೀರೆ ತಗಂಡು ಪಾತ್ರೆ ಕೊಡೋಕೆ ಬರ್ತಿದ್ರಲ, ಹಂಗೆ." ಹಾಗೇ. ಆದರೆ ಮೊದಲು ಬಂದ ಬಾಕ್ಸು ತಪ್ಪಾಗಿತ್ತು. ನನ್ನ ಕಾರಿನ ಕಾಲದ ಪೈಪುಗಳ ತುದಿ ತುತ್ತೂರಿಯ ಬಾಯಿಯ ಹಾಗೆ ಅರಳಿರುತ್ತದೆ. ಆ ಅರಳಿದ ಬಾಯಿಯೇ ಲೋಹಕ್ಕೆ ಲೋಹ ಒತ್ತಿ ಎಣ್ಣೆ ತಡೆಯುತ್ತದೆ. ಎಪ್ಪತ್ತರ ದಶಕ ಕಳೆಯುವ ಹೊತ್ತಿಗೆ ಅದು ಹೋಗಿ ರಬ್ಬರಿನ ಓ-ರಿಂಗ್ ಬಂತು. ಅಂಗಡಿಯವರು ಕಳಿಸಿದ್ದು ಓ-ರಿಂಗಿನ ಕಾಲದ ಬಾಕ್ಸು. ಇದನ್ನು ಅಜ್ಜ ನನಗೆ ವಿವರಿಸುತ್ತಿದ್ದಾಗಲೇ ಅಮ್ಮ ಅವರ ಮುಂದೆ ಒಂದು ತಟ್ಟೆ ಕೋಡುಬಳೆ ಇಟ್ಟಳು. ಅಜ್ಜ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ, "ಇದೋ, ಇದೇ ಓ-ರಿಂಗು" ಎಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಅವರು ದಿನಾ ಬಂದರು. ಭಾಷೆ ಗೊತ್ತಿಲ್ಲದ ಇಬ್ಬರ ನಡುವೆ ಒಂದು ಡಬ್ಬಿ ಕೋಡುಬಳೆ ಖರ್ಚಾಯಿತು.

ಸರಿಯಾದ ಬಾಕ್ಸು ಬಂದದ್ದು ಹನ್ನೊಂದು ದಿನದ ಮೇಲೆ. ತೂಕ ಸುಮಾರು 14 ಕೆ.ಜಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಬರುತ್ತದೆಂದು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ, ನಡು ಯಾವುದೆಂದು ಮೊದಲೇ ಗುರುತಿಸಿಕೊಳ್ಳಬೇಕು. ಇಲ್ಲವಾದರೆ ಸ್ಟೀರಿಂಗ್ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಮೇಲಿನ ರಬ್ಬರ್ ಜಾಯಿಂಟಿನ ಎರಡು ಬೋಲ್ಟುಗಳಲ್ಲಿ ಒಂದನ್ನು ದಪ್ಪ, ಒಂದನ್ನು ಸಣ್ಣ ಮಾಡಿದ್ದಾರೆ, ಯಾರೂ ಉಲ್ಟಾ ಕೂರಿಸಬಾರದೆಂದು. ಆ 1968ರ ಎಂಜಿನಿಯರನಿಗೆ ನನ್ನಂಥವನೊಬ್ಬ ಮುಂದೆ ಹುಟ್ಟುತ್ತಾನೆಂದು ಹೇಗೆ ತಿಳಿದಿತ್ತೋ. ಹಲಸಿನ ಹಣ್ಣಿನಂಥ ಬಾಕ್ಸನ್ನು ಎದೆಯ ಮೇಲೆ ಇಟ್ಟುಕೊಂಡು ಅಂಗಾತ ಮಲಗಿ, ಮೂರು ಬೋಲ್ಟುಗಳ ತೂತಿಗೆ ಸರಿಯಾಗಿ ಎತ್ತಿ ಹಿಡಿಯುವಷ್ಟರಲ್ಲಿ ಅಮ್ಮ ರಾತ್ರಿ ಕೇಳಿದ ಪ್ರಶ್ನೆ ಬಹಳ ಸಲ ನೆನಪಾಯಿತು.

ಬಾಕ್ಸು ಕೂತಿತು. ಎಣ್ಣೆ ಹೊಯ್ದದ್ದೂ ಆಯಿತು. ಆದರೆ ಒಳಗಿನ ಗಾಳಿ ಹೋಗಬೇಕು. ಗಾಳಿ ಉಳಿದರೆ ಎಣ್ಣೆ ನೊರೆಯಾಗಿ, ಪಂಪು ಗೋಳಿಟ್ಟು, ಸ್ಟೀರಿಂಗ್ ತಡೆ ತಡೆದು ತಿರುಗುತ್ತದೆ. ಇದಕ್ಕೆ ಉಪಾಯ ಇಷ್ಟೇ: ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಎಂಜಿನ್ ಚಾಲು ಮಾಡದೆ, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಬೇಕು. ಒಬ್ಬರು ತಿರುಗಿಸಬೇಕು, ಒಬ್ಬರು ಎಣ್ಣೆ ನೋಡುತ್ತ ಹೊಯ್ಯುತ್ತಿರಬೇಕು. ಹೆಂಡತಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಅಜ್ಜನಿಗೆ ಅಂದು ಡಾಕ್ಟರ ಬಳಿ ಹೋಗಬೇಕಿತ್ತು. ಉಳಿದವಳು ಅಮ್ಮ.

ಎಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅಮ್ಮ ಡ್ರೈವರ್ ಸೀಟಿನಲ್ಲಿ ಕೂತಳು. ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು, ಚಕ್ರವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಿರುಗಿಸತೊಡಗಿದಳು. ನಾನು ಮುಂದಿನಿಂದ, "ನಿಧಾನ ಅಮ್ಮ, ಜೋರಾಗಿ ತಿರುಗಿಸಬೇಡ" ಎಂದೆ. "ನಂಗೆ ಹೇಳ್ತೀಯಾ?" ಎಂದಳು. "ಜೋರು ಮಾಡಿದ್ರೆ ನೊರೆ ಏಳ್ತದೆ. ಮಜ್ಜಿಗೆ ಕಡೆಯೋಳಿಗೆ ಅಷ್ಟು ಗೊತ್ತಿರಲ್ವ?"

ಅವಳು ಒರಳು ತಿರುಗಿಸುವುದನ್ನು ನೋಡುತ್ತ ಬೆಳೆದವನು ನಾನು. ನಲವತ್ತು ವರ್ಷ ಉದ್ದಿನಬೇಳೆ ಅರೆದ ಆ ಕೈಗೆ ಒಂದು ಲಯವಿದೆ. ಅದೇ ಲಯದಲ್ಲಿ ಶೆವರ್ಲೆಯ ಚಕ್ರ ಎಡಕ್ಕೆ ಹೋಗಿ, ತುದಿ ಮುಟ್ಟಿ, ಒಂದು ಕ್ಷಣ ನಿಂತು, ಬಲಕ್ಕೆ ಬಂತು. ಅವಸರವಿಲ್ಲ, ಜಗ್ಗಾಟವಿಲ್ಲ. ಎಣ್ಣೆಯ ಡಬ್ಬಿಯಲ್ಲಿ ಒಂದೊಂದೇ ಗುಳ್ಳೆ ಎದ್ದು ಬಂದು ಒಡೆಯುತ್ತಿತ್ತು. ನಾನು ಎಣಿಸುತ್ತಿದ್ದೆ. ಮೂವತ್ತಕ್ಕೆ ಸಾಕೆಂದೆ. ಅಮ್ಮ ನಲವತ್ತರ ತನಕ ಬಿಡಲಿಲ್ಲ. "ಇನ್ನೊಂದೆರಡು ಸುತ್ತು ಆದ್ರೆ ನುಣ್ಣಗಾಗ್ತದೆ" ಎಂದಳು.

ಎಂಜಿನ್ ಚಾಲು ಮಾಡಿದಾಗ ಪಂಪು ಉಸಿರೆತ್ತಲಿಲ್ಲ. ಆ ರಾತ್ರಿ ಅಮ್ಮ ತೀರ್ಥಹಳ್ಳಿಗೆ ಫೋನು ಮಾಡಿ ಚಿಕ್ಕಮ್ಮನ ಜೊತೆ ಮಾತಾಡುವುದು ಕೇಳಿಸಿತು. "ಹೌದೇ, ನಾನೇ. ಸ್ಟೀರಿಂಗು ನಲವತ್ತು ಸಲ ತಿರುಗಿಸಿದೆ. ಕಾರು? ಕಾರು ಅಲ್ಲೇ ಇತ್ತು. ಅದು ಬೇರೆ ವಿಷ್ಯ."

ಮರುದಿನ ಸಂಜೆ ಅಮ್ಮನನ್ನೂ ಅಜ್ಜನನ್ನೂ ಕೂರಿಸಿಕೊಂಡು ಹತ್ತನೇ ಮೈಲಿ ರಸ್ತೆಗೆ ಹೋದೆ. ಸ್ಟೀರಿಂಗ್ ನೆಟ್ಟಗಿತ್ತು. ಕಾರು ನೆಟ್ಟಗಿತ್ತು. ಕೈಗಳು ಮಾತ್ರ ಹಳೆಯ ಅಭ್ಯಾಸ ಬಿಡದೆ, ಮಾಡಲು ಕೆಲಸವಿಲ್ಲದ ಹೊಸ ನಿವೃತ್ತರ ಹಾಗೆ ಚಡಪಡಿಸುತ್ತಿದ್ದವು. ಗಮನವಿಟ್ಟು ನೋಡಿದರೆ, ನಡುವಿನಲ್ಲಿ ಇನ್ನೂ ಒಂದು ನೂಲಿನಷ್ಟು ಆಟವಿತ್ತು. ಮನೆಗೆ ಬಂದು ಬಾನೆಟ್ ಎತ್ತಿದೆ. ನನ್ನ ಕೈ ಆ ತಿರುಪಿನ ಕಡೆಗೆ ಹೋಗುವುದನ್ನು ಕಂಡ ಅಜ್ಜ, ಕಾಫಿ ಲೋಟ ಹಿಡಿದಿದ್ದ ಕೈಯಿಂದಲೇ ನನ್ನ ಮಣಿಕಟ್ಟನ್ನು ತಡೆದರು. ಏನೂ ಹೇಳಲಿಲ್ಲ. ಹೇಳಿದ್ದು ಅಮ್ಮ, ಕನ್ನಡದಲ್ಲಿ, ಅಜ್ಜನ ಮುಖ ನೋಡಿಕೊಂಡು: "ಇವರಪ್ಪನೂ ಹಿಂಗೇ. ಒಂಚೂರು ಆಡೋಕೆ ಬಿಡ್ತಿರಲಿಲ್ಲ." ಅಂದು ಕೊತ್ತಂಬರಿ ಸೋಸುವಾಗ ಅವಳು ಕೇಳಿಸಿಕೊಂಡಿದ್ದಳು.

ಅಜ್ಜ ಅರ್ಥವಾದವರ ಹಾಗೆ ತಲೆಯಾಡಿಸಿದರು. ನಾನು ಬಾನೆಟ್ ಮುಚ್ಚಿದೆ.

ಬೆಳಿಗ್ಗೆ ಎದ್ದವನೇ, ಹೊಸ ಬಾಕ್ಸು ಸೋರಿದೆಯೋ ಎಂದು ನೋಡಲು ಟಾರ್ಚು ಹಿಡಿದು ಹೊರಗೆ ಓಡಿದೆ. ಕಾರಿನ ಕೆಳಗೆ, ಸಿಮೆಂಟಿನ ಮೇಲೆ ಅಕ್ಕಿಹಿಟ್ಟಿನ ಬೆಳ್ಳನೆಯ ಎಳೆಗಳು ಕಂಡವು. ಹಿಂದಿನ ರಾತ್ರಿ ಕಾರನ್ನು ಅದರ ಜಾಗಕ್ಕೆ ತಂದು ನಿಲ್ಲಿಸುವ ಮೊದಲೇ ಅಮ್ಮ, ಇಷ್ಟು ದಿನ ಬಿದ್ದು ಕಲೆಯಾಗಿ ಉಳಿದ ಎಣ್ಣೆಯ ಚುಕ್ಕಿಗಳನ್ನೆಲ್ಲ ಸೇರಿಸಿ, ಒಂದನ್ನೂ ಬಿಡದೆ, ರಂಗೋಲಿ ಎಳೆದಿದ್ದಳು. ಸಾಲು ಸರಿಯಿಲ್ಲದ ಚುಕ್ಕಿಗಳಿಗೆ ಎಳೆ ಹೊಂದಿಸಲು ಕೆಲವು ಕಡೆ ಬಹಳ ಸುತ್ತಿ ಬಳಸಿ ಬರಬೇಕಾಗಿತ್ತು. ನನ್ನ ಹಿಂದೆಯೇ ಬಂದು ನಿಂತವಳು ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು, ಬಗ್ಗಿ, ಮೂಲೆ ಮೂಲೆ ನೋಡಿದಳು.

"ಎಲ್ಲ ಚುಕ್ಕಿಗೂ ಎಳೆ ಇದೆ" ಎಂದಳು. "ಹೊಸದು ಬಿದ್ರೆ ನಂಗೆ ಗೊತ್ತಾಗ್ತದೆ ನೋಡು."